ಕೀವು ಸಿಕ್ಕಿತು, ಹೆಸರು ಸಿಗಲಿಲ್ಲ: ಸೊಂಟದ ಕಶೇರುಗಳ ಸೋಂಕಿನ ಒಂದು ಪ್ರಕರಣ

ವಯಸ್ಕರ ಬೆನ್ನುಮೂಳೆಗೆ ಬ್ಯಾಕ್ಟೀರಿಯಾ ಸೋಂಕು ತಗುಲಿದಾಗ ಯಾವ ಆಂಟಿಬಯೋಟಿಕ್ ಕೊಡಬೇಕೆಂಬುದು ಅಷ್ಟೇನೂ ಕಗ್ಗಂಟಲ್ಲ. ಎಂದು ಶುರುಮಾಡಬೇಕು, ಶುರುಮಾಡುವ ಮೊದಲು ಏನನ್ನು ತೆಗೆದಿಟ್ಟುಕೊಳ್ಳಬೇಕು ಎಂಬಲ್ಲೇ ಹೆಚ್ಚಿನ ಎಡವಟ್ಟು. ಈ ಪ್ರಕರಣವನ್ನು ಆಯ್ದುಕೊಂಡಿರುವುದು ಆ ಒಂದು ವಿಚಾರಕ್ಕಾಗಿ. ರೋಗಿಯ ಗುರುತು ಸಿಗದಂತೆ ವಯಸ್ಸು, ಕೆಲಸ ಮತ್ತು ಕೆಲವು ಸಣ್ಣ ವಿವರಗಳನ್ನು ಬದಲಿಸಲಾಗಿದೆ. ರೋಗದ ನಡೆ ಮತ್ತು ತೀರ್ಮಾನಗಳ ಸರಣಿ ಹಾಗೆಯೇ ಇವೆ.

ಹಿನ್ನೆಲೆ

ಐವತ್ತರ ಕೊನೆಯಲ್ಲಿರುವ ಗಂಡಸು, ತೂಕ 72 ಕೆ.ಜಿ. ಹಲವು ವರ್ಷಗಳ ಸಕ್ಕರೆ ಕಾಯಿಲೆ, ಮಾತ್ರೆಯಲ್ಲೇ ನಡೆಯುತ್ತಿತ್ತು. ಬಲಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾಗಿ ಕೀವು ತುಂಬಿಕೊಂಡಾಗ ಎರಡು ದಿನ ಚಳಿಜ್ವರ ಬಂದಿತ್ತು. ಡ್ರಿಪ್ ಹಾಕಿ, ಐದು ದಿನ ಆಂಟಿಬಯೋಟಿಕ್ ಕೊಟ್ಟರು. ಜ್ವರ ಇಳಿಯಿತು, ಹುಣ್ಣು ಒಣಗತೊಡಗಿತು. ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ) ಮಾಡಿರಲಿಲ್ಲ.

ಅದಾಗಿ ಸುಮಾರು ಐದು ವಾರಕ್ಕೆ ಸೊಂಟನೋವು ಶುರುವಾಯಿತು. ಭಾರ ಎತ್ತಿದ್ದಿಲ್ಲ, ಬಿದ್ದದ್ದೂ ಇಲ್ಲ. ಎಕ್ಸ್‌ರೇಯಲ್ಲಿ ವಯಸ್ಸಿಗೆ ತಕ್ಕ ಸವೆತ ಮಾತ್ರ ಕಂಡಿತು. ಕಾಣದ್ದರಲ್ಲಿ ಆಶ್ಚರ್ಯವಿಲ್ಲ. ಎಲುಬು ಸಾಕಷ್ಟು ಕರಗಿದ ಮೇಲಷ್ಟೇ ಎಕ್ಸ್‌ರೇಗೆ ಸುಳಿವು ಸಿಗುವುದು, ಅದಕ್ಕೆ ಹಲವು ವಾರ ಬೇಕು. ದಿನಕ್ಕೆರಡು ನೋವಿನ ಮಾತ್ರೆ, ಸೊಂಟಕ್ಕೆ ಬೆಲ್ಟ್, ವ್ಯಾಯಾಮ ಎಂದು ಮೂರು ವಾರ ಕಳೆಯಿತು. ನಾಲ್ಕನೇ ವಾರ ಆರು ದಿನ ಮೀಥೈಲ್‌ಪ್ರೆಡ್ನಿಸೊಲೋನ್ ಮಾತ್ರೆ ನುಂಗಿದರು. ಮೊದಲ ಮೂರು ದಿನ ನೋವು ಅರ್ಧಕ್ಕಿಳಿಯಿತು, ಸಕ್ಕರೆ 380ಕ್ಕೆ ಏರಿತು, ಮಾತ್ರೆ ಮುಗಿಯುತ್ತಲೇ ನೋವು ಮೊದಲಿಗಿಂತ ಜೋರಾಯಿತು. ಸ್ಟೀರಾಯ್ಡಿಗೆ ತಾತ್ಕಾಲಿಕವಾಗಿ ತಗ್ಗುವ ನೋವು ಸೋಂಕಲ್ಲ ಎಂದುಕೊಳ್ಳುವುದು ಅಪಾಯ. ಉರಿಯೂತ ಯಾವುದಿದ್ದರೂ ಸ್ಟೀರಾಯ್ಡ್ ಅದನ್ನು ಒಂದಿಷ್ಟು ಅಡಗಿಸುತ್ತದೆ.

ಐದನೇ ವಾರ ಮೂತ್ರ ಮಾಡುವಾಗ ಉರಿ. ಮೂತ್ರದಲ್ಲಿ ಎಂಟು–ಹತ್ತು ಕೀವುಕಣ ಕಂಡವು. ಕಲ್ಚರಿಗೆ ಕಳಿಸದೆ ಸಿಪ್ರೊಫ್ಲಾಕ್ಸಾಸಿನ್ 500 ಮಿ.ಗ್ರಾಂ ದಿನಕ್ಕೆರಡು ಸಲ ಶುರುವಾಯಿತು. ಈ ಪ್ರಕರಣದ ಗಂಟು ಬಿದ್ದದ್ದು ಇಲ್ಲೇ.

ಸಮಸ್ಯೆ

ಸಿಪ್ರೊ ಶುರುವಾದ ನಾಲ್ಕನೇ ದಿನ ರೋಗಿ ದಾಖಲಾದರು. ನೋವಿನ ಸ್ವಭಾವ ಕೇಳಿದಾಗಲೇ ಅರ್ಧ ಉತ್ತರ ಸಿಕ್ಕಿತ್ತು: ಮಲಗಿದರೂ ಕಡಿಮೆಯಾಗದು, ರಾತ್ರಿ ಎರಡು–ಮೂರು ಗಂಟೆಗೆ ಎಬ್ಬಿಸುತ್ತದೆ, ಪಕ್ಕ ಹೊರಳಿದರೆ ಜೀವ ಹೋದಂತಾಗುತ್ತದೆ. ನಾಲ್ಕು ಕೆ.ಜಿ. ತೂಕ ಇಳಿದಿತ್ತು. ಮೈಶಾಖ 37.4 ಡಿಗ್ರಿ. ಜ್ವರವಿಲ್ಲ ಎಂಬ ಕಾರಣಕ್ಕೆ ಸೋಂಕನ್ನು ಪಟ್ಟಿಯಿಂದ ಹೊರಗಿಡಲಾಗದು. ಈ ರೋಗದಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಜ್ವರವೇ ಇರುವುದಿಲ್ಲ. ಇವರಂತೂ ದಿನಕ್ಕೆರಡು ಸಲ ಜ್ವರ ತಗ್ಗಿಸುವ ಗುಣವೂ ಇರುವ ನೋವಿನ ಮಾತ್ರೆ ನುಂಗುತ್ತಿದ್ದರು. ಬೆನ್ನಿನ ನಡುಗೆರೆಯ ಮೇಲೆ ಮುಷ್ಟಿಯಿಂದ ಮೆಲ್ಲಗೆ ತಟ್ಟಿದಾಗ ಸೊಂಟದ ಮೂರು ಮತ್ತು ನಾಲ್ಕನೇ ಕಶೇರುಗಳ ಮಟ್ಟದಲ್ಲಿ ಹೌಹಾರಿದರು.

ರಕ್ತಪರೀಕ್ಷೆ: ಬಿಳಿ ರಕ್ತಕಣ 9,800, ಅಂದರೆ ಸಹಜ. ಉರಿಯೂತದ ಅಳತೆಗಳಾದ ಇಎಸ್‌ಆರ್ 94, ಸಿಆರ್‌ಪಿ ಲೀಟರಿಗೆ 132 ಮಿ.ಗ್ರಾಂ, ಎರಡೂ ಬಹಳ ಹೆಚ್ಚು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.8, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 1.1. ಬಿಳಿ ಕಣ ಸಹಜವಿದೆ ಎಂದು ನೆಮ್ಮದಿಪಡುವಂತಿಲ್ಲ, ಇಲ್ಲಿ ನಂಬಬಹುದಾದದ್ದು ಸಿಆರ್‌ಪಿ. ಇಎಸ್‌ಆರ್ ರಕ್ತಹೀನತೆಯಲ್ಲೂ ಸಕ್ಕರೆ ಕಾಯಿಲೆಯಲ್ಲೂ ಏರುತ್ತದೆ, ಇಳಿಯುವಾಗ ವಾರಗಟ್ಟಲೆ ಸತಾಯಿಸುತ್ತದೆ.

ಅದೇ ದಿನ ಇಡೀ ಬೆನ್ನುಮೂಳೆಯ ಎಂಆರ್‌ಐ ಆಯಿತು. ಸೊಂಟದ ಭಾಗವಷ್ಟೇ ತೆಗೆದರೆ ಬೇರೆ ಮಟ್ಟದಲ್ಲಿರುವ ಎರಡನೇ ಗೂಡು ತಪ್ಪಿಹೋಗಬಹುದು. ಎಲ್3–ಎಲ್4 ಡಿಸ್ಕ್ (ಸೊಂಟದ ಮೂರು ಮತ್ತು ನಾಲ್ಕನೇ ಕಶೇರುಗಳ ನಡುವಿನ ಮೆತ್ತೆ) ಎಂಆರ್‌ಐಯ ಟಿ2 ಬಗೆಯ ಚಿತ್ರದಲ್ಲಿ ಹೊಳೆಯುತ್ತಿತ್ತು, ಅದರ ಎರಡೂ ಬದಿಯ ಎಂಡ್‌ಪ್ಲೇಟ್‌ಗಳು (ಡಿಸ್ಕಿಗೆ ತಾಗಿದ ಕಶೇರುವಿನ ಅಂಚಿನ ಪದರ) ಟಿ1 ಬಗೆಯ ಚಿತ್ರದಲ್ಲಿ ಕಪ್ಪಾಗಿ, ಅಂಚು ಕಿತ್ತುಹೋಗಿದ್ದವು. ನರಗಳ ಹೊರಪೊರೆಯ ಮುಂದೆ 4 ಮಿ.ಮೀ. ದಪ್ಪದ ಉರಿಯೂತದ ಊತಕ, ಇನ್ನೂ ಕೀವಾಗಿರಲಿಲ್ಲ. ಬೆನ್ನುಮೂಳೆಯ ಪಕ್ಕದಲ್ಲಿ ತೊಡೆಯತ್ತ ಇಳಿಯುವ ಬಲ ಸೋಯಾಸ್ ಸ್ನಾಯುವಿನಲ್ಲಿ 2.5 ಸೆಂ.ಮೀ. ಬಾವು.

ಡಿಸ್ಕ್ ಮತ್ತು ಅದರ ಎರಡೂ ಬದಿಯ ಎಲುಬು ಒಟ್ಟಿಗೆ ಕೆಡುವುದಕ್ಕೆ ಕಾರಣ ರಕ್ತನಾಳಗಳ ಜೋಡಣೆ. ವಯಸ್ಕರ ಡಿಸ್ಕಿಗೆ ನೇರ ರಕ್ತವಿಲ್ಲ. ಒಂದೇ ಧಮನಿ ಕವಲೊಡೆದು ಮೇಲಿನ ಕಶೇರುವಿನ ಕೆಳಭಾಗಕ್ಕೂ ಕೆಳಗಿನದರ ಮೇಲ್ಭಾಗಕ್ಕೂ ಹೋಗುತ್ತದೆ. ಕಾಲಿನ ಹುಣ್ಣಿನಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಎಂಡ್‌ಪ್ಲೇಟ್ ಬಳಿಯ ಕೊನೆಯ ಕಿರುನಾಳಗಳಲ್ಲಿ ತಂಗಿ, ಅಲ್ಲಿಂದ ಡಿಸ್ಕನ್ನು ತಿನ್ನುತ್ತಾ ಆಚೆ ಬದಿಗೆ ದಾಟುತ್ತದೆ. ಕ್ಯಾನ್ಸರ್ ಸಾಮಾನ್ಯವಾಗಿ ಡಿಸ್ಕನ್ನು ಬಿಟ್ಟುಬಿಡುತ್ತದೆ. ಕ್ಷಯ ಡಿಸ್ಕನ್ನು ಮುಟ್ಟುವುದು ತಡವಾಗಿ, ಎದೆಮಟ್ಟದ ಕಶೇರುಗಳೆಂದರೆ ಅದಕ್ಕೆ ಹೆಚ್ಚು ಒಲವು, ಸದ್ದಿಲ್ಲದೆ ದೊಡ್ಡ ಬಾವು ಕಟ್ಟುತ್ತದೆ. ಚಿತ್ರ ನೋಡಿ ಊಹಿಸಬಹುದೇ ಹೊರತು ಖಚಿತವಾಗಿ ಹೇಳಲಾಗದು. ದನಕರು, ಹಸಿ ಹಾಲಿನಿಂದ ತಗುಲುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಕೂಡ ಇಂಥದೇ ಚಿತ್ರ ಕೊಡಬಲ್ಲದು. ಹಸಿ ಹಾಲು, ದನಕರುಗಳ ಒಡನಾಟ ಇವರಿಗಿರಲಿಲ್ಲ, ಆದರೂ ಅದರ ರಕ್ತಪರೀಕ್ಷೆ ಕಳಿಸಲಾಯಿತು. ಫಲಿತಾಂಶ ನೆಗೆಟಿವ್.

ಸೋಂಕು ಎಂಬುದು ಈಗ ಖಾತ್ರಿ. ಯಾವುದರ ಸೋಂಕು ಎಂಬುದು ಗೊತ್ತಿಲ್ಲ. ಮೈಯಲ್ಲಿ ನಾಲ್ಕು ದಿನದ ಸಿಪ್ರೊ ಇದೆ.

ಮೊದಲ ತೀರ್ಮಾನ: ಔಷಧ ನಿಲ್ಲಿಸುವುದು

ರೋಗಿಯ ಮನೆಯವರಿಗೆ ಇದನ್ನು ಅರ್ಥಮಾಡಿಸುವುದೇ ಸಾಹಸವಾಯಿತು. ಸೋಂಕಿದೆ ಅನ್ನುತ್ತೀರಿ, ಇದ್ದ ಔಷಧವನ್ನೂ ನಿಲ್ಲಿಸುತ್ತೀರಿ, ಇದೆಂಥ ಚಿಕಿತ್ಸೆ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ: ಮುಂದಿನ ಚಿಕಿತ್ಸೆ ಕನಿಷ್ಠ ಆರು ವಾರದ್ದು. ಹೆಸರು ಗೊತ್ತಿಲ್ಲದ ಬ್ಯಾಕ್ಟೀರಿಯಾಗೆ ಆರು ವಾರ ಕುರುಡಾಗಿ ಔಷಧ ಹಾಕಿದರೆ ಎರಡು–ಮೂರು ಪ್ರಬಲ ಔಷಧಗಳ ವಿಷಪರಿಣಾಮವನ್ನು ಮೂತ್ರಪಿಂಡ ಹೊರಬೇಕು, ಅವು ನಾಟುತ್ತಿವೆಯೇ ಎಂಬುದೂ ತಿಳಿಯದು. ನಡುವೆ ಸಿಪ್ರೊ ಗುಂಪಿನ ಔಷಧಗಳಿಗೆ ಇನ್ನೊಂದು ಕೆಟ್ಟ ಗುಣವಿದೆ. ಅವು ಕ್ಷಯದ ಬ್ಯಾಕ್ಟೀರಿಯಾವನ್ನೂ ಅರೆಬರೆ ಹತ್ತಿಕ್ಕಿ ಕ್ಷಯದ ಪತ್ತೆಯನ್ನು ಮುಂದೂಡುತ್ತವೆ.

ಅಮೆರಿಕದ ಸಾಂಕ್ರಾಮಿಕ ರೋಗ ಸಂಘ 2015ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ನರದೌರ್ಬಲ್ಯವಿಲ್ಲದ, ರಕ್ತದೊತ್ತಡ ಸ್ಥಿರವಾಗಿರುವ ರೋಗಿಯಲ್ಲಿ ಬ್ಯಾಕ್ಟೀರಿಯಾದ ಹೆಸರು ಸಿಗುವ ತನಕ ಔಷಧ ತಡೆಹಿಡಿಯಿರಿ. ಮುಖ್ಯ ಮಾತು ಮೊದಲರ್ಧದಲ್ಲಿದೆ. ಸೆಪ್ಸಿಸ್ (ಸೋಂಕಿಗೆ ಇಡೀ ದೇಹವೇ ತತ್ತರಿಸಿ ಅಂಗಗಳು ಕುಸಿಯುವ ಸ್ಥಿತಿ) ಇದ್ದರೆ, ಕಾಲಿನ ಶಕ್ತಿ ಕುಂದುತ್ತಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ.

ಹಾಗಾಗಿ ಕಾಯುವಿಕೆಗೊಂದು ಬೇಲಿ ಹಾಕಲಾಯಿತು, ಅದನ್ನು ಕೇಸ್ ಶೀಟಿನಲ್ಲಿ ಬರೆದಿಡಲಾಯಿತು. ನಾಲ್ಕು ಗಂಟೆಗೊಮ್ಮೆ ನೋಡಬೇಕಾದ್ದು: ಎರಡೂ ಕಾಲಿನ ಹೆಬ್ಬೆರಳು ಮತ್ತು ಪಾದ ಮೇಲೆತ್ತುವ ಶಕ್ತಿ, ಮಂಡಿ ಚಾಚುವ ಶಕ್ತಿ, ಗುದದ ಸುತ್ತಲಿನ ಸ್ಪರ್ಶ, ರಕ್ತದೊತ್ತಡ, ಜ್ವರ. ದಿನಕ್ಕೆರಡು ಸಲ, ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿಯಿತು ಎಂಬ ಸ್ಕ್ಯಾನ್. ಶಕ್ತಿ ಒಂದು ದರ್ಜೆ ಇಳಿದರೂ, ಉಳಿಕೆ ಮೂತ್ರ 200 ಮಿ.ಲೀ. ದಾಟಿದರೂ, ಸೆಪ್ಸಿಸ್ ಲಕ್ಷಣ ಕಂಡರೂ ಯಾರ ಅಪ್ಪಣೆಗೂ ಕಾಯದೆ ಎಂಆರ್‌ಐ, ಶಸ್ತ್ರಚಿಕಿತ್ಸಕರಿಗೆ ಕರೆ, ಬ್ಲಡ್ ಕಲ್ಚರ್, ಔಷಧ. ದಾಖಲಾದ ದಿನ ಶಕ್ತಿ ಐದಕ್ಕೆ ಐದು, ಉಳಿಕೆ ಮೂತ್ರ 60 ಮಿ.ಲೀ. ಈ ಮೂಲ ಅಂಕಿ ಬರೆದಿಡದಿದ್ದರೆ ಮುಂದಿನ ಯಾವ ಅಂಕಿಗೂ ಅರ್ಥವಿರುತ್ತಿರಲಿಲ್ಲ.

ಸಿಪ್ರೊ ನಿಂತಿತು. ಎರಡು ಬೇರೆ ಬೇರೆ ಜಾಗದಿಂದ ಎರಡು ಸೆಟ್ ಬ್ಲಡ್ ಕಲ್ಚರ್, ಪ್ರತಿ ಬಾಟಲಿಗೆ 10 ಮಿ.ಲೀ. ರಕ್ತ. ಸಕ್ಕರೆಗೆ ಇನ್ಸುಲಿನ್ ಶುರುವಾಯಿತು. ಮೂತ್ರದ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ನಡುವೆ ನಾಲ್ಕು ದಿನ ಸಿಪ್ರೊ ನುಂಗಿದ್ದರಿಂದ ಮೊದಲಿಗೇ ಮೂತ್ರದ ಸೋಂಕು ಇತ್ತೋ ಇಲ್ಲವೋ ಎಂದು ಇನ್ನು ಹೇಳುವಂತಿರಲಿಲ್ಲ.

ಮೊದಲ ಬಯಾಪ್ಸಿ, ಮತ್ತು ಅದು ವ್ಯರ್ಥವಾದ ಬಗೆ

ಎರಡನೇ ದಿನ ಸಿಟಿ ನೆರವಿನಿಂದ ಡಿಸ್ಕಿನೊಳಕ್ಕೆ ಸೂಜಿ ಹಾಕಲಾಯಿತು. ಸೂಜಿ ಸರಿಯಾದ ಜಾಗಕ್ಕೇ ಹೋಗಿತ್ತು. ಎಡವಿದ್ದು ಆಮೇಲೆ. ಸೂಜಿ ಸಣ್ಣದು, ಸಿಕ್ಕಿದ್ದು ಎರಡು ಎಳೆಯಷ್ಟು ಊತಕ ಮತ್ತು ಒಂದಿಷ್ಟು ಕೀವು. ಒಂದು ಎಳೆ ಪೂರ್ತಿ ಸೂಕ್ಷ್ಮದರ್ಶಕದ ಪರೀಕ್ಷೆಗೆಂದು ಊತಕವನ್ನು ಕೆಡದಂತೆ ಇಡುವ ಫಾರ್ಮಲಿನ್‌ಗೆ ಹೋಯಿತು. ಅಲ್ಲಿ ಹೋದದ್ದರಿಂದ ಯಾವ ಬ್ಯಾಕ್ಟೀರಿಯಾವೂ ಬೆಳೆಯದು. ಇನ್ನೊಂದರ ತುಂಡು ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೆ ಹೋಯಿತು. ಕಲ್ಚರಿಗೆ ಉಳಿದದ್ದು ಕೀವು ಒರೆಸಿದ ಒಂದು ಹತ್ತಿಕಡ್ಡಿ, ಅದೂ ಲ್ಯಾಬ್ ಸೇರಿದ್ದು ಮರುದಿನ ಬೆಳಿಗ್ಗೆ.

ಫಲಿತಾಂಶ: ಊತಕದಲ್ಲಿ ಕೀವು ಕಟ್ಟುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ದಂಡು, ಕ್ಷಯದಲ್ಲಿ ಕಾಣುವ ಗ್ರಾನ್ಯುಲೋಮಾ ಎಂಬ ಕಣಗಳ ಗಂಟು ಇಲ್ಲ, ಜೀನ್‌ಎಕ್ಸ್‌ಪರ್ಟ್ ನೆಗೆಟಿವ್. ಮೂರು ದಿನವಾದರೂ ಕಲ್ಚರಿನಲ್ಲಿ ಬೆಳವಣಿಗೆ ಇಲ್ಲ. ಬ್ಲಡ್ ಕಲ್ಚರೂ ಬರಿದು. ಕೀವು ಹುಟ್ಟಿಸುವ ಬ್ಯಾಕ್ಟೀರಿಯಾ ಎಂದು ಊತಕ ಹೇಳಿತು, ಹೆಸರು ಮಾತ್ರ ಬಾಯಿಬಿಡಲಿಲ್ಲ.

ಸಿಟಿ ನೆರವಿನ ಬಯಾಪ್ಸಿಯಲ್ಲಿ ಹೆಸರು ಸಿಗುವುದೇ ಸುಮಾರು ಅರ್ಧದಷ್ಟು ಸಲ. ಹಾಗಿರುವಾಗ ಸಿಕ್ಕಿದ ಮಾದರಿಯನ್ನು ಹಂಚುವ ಕ್ರಮವನ್ನು ಸೂಜಿ ಹಾಕುವ ಮೊದಲೇ ಕಾಗದದ ಮೇಲೆ ಬರೆದಿರಬೇಕು. ಮೊದಲ ಪಾಲು ಕಲ್ಚರಿಗೆ: ಊತಕ ಒಣಗದಂತೆ ಕೆಲವು ಹನಿ ಸ್ಟೆರೈಲ್ ಸಲೈನ್ ಇರುವ ಡಬ್ಬಿಯಲ್ಲಿ, ಆಮ್ಲಜನಕವಿರುವ ಮತ್ತು ಇಲ್ಲದ ಎರಡೂ ಬಗೆಯ ಕಲ್ಚರಿಗೆ. ದ್ರವ ಹೆಚ್ಚು ಸಿಕ್ಕರೆ ಬ್ಲಡ್ ಕಲ್ಚರ್ ಬಾಟಲಿಗೂ. ಬಳಿಕ ಕ್ಷಯ ಮತ್ತು ಶಿಲೀಂಧ್ರಕ್ಕೆ, ಕೊನೆಯ ತುಂಡು ಫಾರ್ಮಲಿನ್‌ಗೆ. ಹತ್ತಿಕಡ್ಡಿ ಬೇಡವೇ ಬೇಡ, ಅದು ಬ್ಯಾಕ್ಟೀರಿಯಾವನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಮಾದರಿಯನ್ನು ಒಬ್ಬರು ಕೈಯಲ್ಲೇ ಹಿಡಿದು ಅಂದೇ ಲ್ಯಾಬಿಗೆ ತಲುಪಿಸಬೇಕು.

ತಂಡದಲ್ಲಿ ಭಿನ್ನಾಭಿಪ್ರಾಯ ಬಂದದ್ದು ಐದನೇ ದಿನ. ಇನ್ನು ಕಾಯುವುದು ಬೇಡ, ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂದು ಊಹಿಸಿ ಔಷಧ ಶುರುಮಾಡೋಣ ಎಂದು ಒಂದು ಗುಂಪು. ಈ ರೋಗಕ್ಕೆ ಅದೇ ಅತಿ ಸಾಮಾನ್ಯ ಕಾರಣ, ಕಾಲಿನ ಹುಣ್ಣಿಗೂ ಹೊಂದುತ್ತದೆ. ಇನ್ನೊಂದು ಗುಂಪಿನ ವಾದ: ಅದು ಪೆನಿಸಿಲಿನ್ ಗುಂಪಿನ ಮೆಥಿಸಿಲಿನ್‌ಗೆ ಬಗ್ಗುವುದೋ ಬಗ್ಗದ್ದೋ ಎಂಬುದರ ಮೇಲೆ ಇಡೀ ಆರು ವಾರ ನಿಂತಿದೆ. ಸಕ್ಕರೆ ಕಾಯಿಲೆಯ ಹುಣ್ಣಿನಲ್ಲಿ ಗ್ರಾಂ ನೆಗೆಟಿವ್ ಎಂಬ ಬೇರೆ ಗುಂಪಿನ ಬ್ಯಾಕ್ಟೀರಿಯಾಗಳೂ ಇರುತ್ತವೆ. ಬೇಲಿ ಇನ್ನೂ ಮುರಿದಿಲ್ಲ, ಸಿಪ್ರೊ ನಿಂತು ಎಂಟು ದಿನವಾದ ಮೇಲೆ ದೊಡ್ಡ ಸೂಜಿಯಿಂದ ಎಂಡ್‌ಪ್ಲೇಟಿನ ಎಲುಬು, ಡಿಸ್ಕ್, ಸೋಯಾಸ್ ಬಾವು ಮೂರರಿಂದಲೂ ತೆಗೆಯೋಣ. ಎರಡನೇ ವಾದ ಗೆದ್ದಿತು. ಒಂಬತ್ತನೇ ದಿನಕ್ಕೆ ಬಯಾಪ್ಸಿ ನಿಗದಿಯಾಯಿತು.

ತಿರುವು

ಏಳನೇ ದಿನ ರಾತ್ರಿ ಹತ್ತರ ಸುತ್ತಿನಲ್ಲಿ ದಾದಿ ಬರೆದ ಅಂಕಿ: ಬಲ ಹೆಬ್ಬೆರಳು ಐದಕ್ಕೆ ನಾಲ್ಕು. ಉಳಿಕೆ ಮೂತ್ರ 240 ಮಿ.ಲೀ. ರೋಗಿಗೆ ಇದರ ಅರಿವೇ ಇರಲಿಲ್ಲ, ನೋವು ಕೊಂಚ ಜಾಸ್ತಿ ಎಂದಷ್ಟೇ ಹೇಳಿದ್ದರು. ಮೂತ್ರ ಕಟ್ಟಿದ್ದನ್ನು ನೋವಿನ ಔಷಧದ ಪರಿಣಾಮ, ಮಲಬದ್ಧತೆ ಎಂದು ತಳ್ಳಿಹಾಕಲು ಕಾರಣಗಳು ಸಾಕಷ್ಟಿದ್ದವು. ಬರೆದಿಟ್ಟ ಬೇಲಿ ಇದ್ದುದರಿಂದ ಆ ಚರ್ಚೆ ನಡೆಯಲಿಲ್ಲ.

ಎಂಆರ್‌ಐಯಲ್ಲಿ 4 ಮಿ.ಮೀ. ಇದ್ದ ಊತಕ 9 ಮಿ.ಮೀ. ಕೀವಾಗಿ ನರಗುಚ್ಛವನ್ನು ಅಮುಕುತ್ತಿತ್ತು. ಸೋಯಾಸ್ ಬಾವು 4 ಸೆಂ.ಮೀ. ಆಗಿತ್ತು. ಸೊಂಟದ ಈ ಮಟ್ಟದಲ್ಲಿ ಬೆನ್ನುಹುರಿ ಮುಗಿದು ನರಗಳ ಜೊಂಪೆಯಷ್ಟೇ ಇರುತ್ತದೆ, ಅದಕ್ಕೆ ತುಸು ತಾಳಿಕೆ ಇದೆ. ಇದೇ ಒತ್ತಡ ಎದೆಮಟ್ಟದಲ್ಲಿ ಬಿದ್ದಿದ್ದರೆ ಅಷ್ಟು ಹೊತ್ತು ಸಿಗುತ್ತಿತ್ತೇ ಎಂಬುದು ಅನುಮಾನ. ಹೊರಪೊರೆಯ ಬಾವು ನೋವು, ಕಾಲಿಗಿಳಿಯುವ ನೋವು, ದೌರ್ಬಲ್ಯ, ಲಕ್ವ ಎಂಬ ಮೆಟ್ಟಿಲುಗಳಲ್ಲಿ ಇಳಿಯುತ್ತದೆಂದು ಪಠ್ಯಗಳಲ್ಲಿದೆ. ಕೊನೆಯ ಎರಡು ಮೆಟ್ಟಿಲುಗಳ ನಡುವೆ ಕೆಲವೊಮ್ಮೆ ಕೆಲವೇ ಗಂಟೆ ಇರುತ್ತದೆ.

ಇನ್ನೆರಡು ಸೆಟ್ ಬ್ಲಡ್ ಕಲ್ಚರ್ ತೆಗೆದು, ಕೂಡಲೇ ವ್ಯಾಂಕೊಮೈಸಿನ್ 1,750 ಮಿ.ಗ್ರಾಂ ಮತ್ತು ಸೆಫೆಪಿಮ್ 2 ಗ್ರಾಂ ಕೊಡಲಾಯಿತು. ಶಸ್ತ್ರಚಿಕಿತ್ಸೆಯ ಮಾದರಿ ಸಿಗುವವರೆಗೆ ಇನ್ನೂ ತಡೆದುಕೊಳ್ಳೋಣ ಎಂದು ಯಾರೋ ಕೇಳಿದರು, ಒಪ್ಪಲಿಲ್ಲ. ಬೇಲಿ ಮುರಿದ ಮೇಲೆ ಕಾಯುವುದಕ್ಕೆ ಸಮರ್ಥನೆ ಇಲ್ಲ, ಮೇಲಾಗಿ ಒಂದು ಡೋಸಿಗೆ ಅಷ್ಟೊಂದು ಕೀವಿನಲ್ಲಿರುವ ಬ್ಯಾಕ್ಟೀರಿಯಾ ನಾಲ್ಕಾರು ಗಂಟೆಯಲ್ಲಿ ಪೂರ್ತಿ ಸಾಯುವುದು ಕಷ್ಟ.

ನಸುಕಿನಲ್ಲಿ ಶಸ್ತ್ರಚಿಕಿತ್ಸೆ. ಬಲಬದಿಯ ಎಲುಬಿನ ಕಮಾನು ತೆರೆದು ಕೀವು ತೆಗೆದು, ಕೊಳೆತ ಡಿಸ್ಕನ್ನು ಕೆರೆದು ತೊಳೆದರು. ಬೇರೆ ಬೇರೆ ಉಪಕರಣದಿಂದ ಐದು ತುಂಡು ಕಲ್ಚರಿಗೆ, ಒಂದು ಫಾರ್ಮಲಿನ್‌ಗೆ. ಸ್ಕ್ರೂ ಹಾಕಬೇಕೇ ಎಂಬ ಚರ್ಚೆ ಮೇಜಿನ ಬಳಿಯೇ ನಡೆಯಿತು. ಸೋಂಕಿದೆ ಎಂಬುದೊಂದೇ ಟೈಟೇನಿಯಂ ಬೇಡವೆನ್ನಲು ಕಾರಣವಾಗದು. ಮುಂಭಾಗದ ಎಲುಬು ಕುಸಿದಿರುವಾಗ ಹಿಂದಿನ ಕಮಾನನ್ನೂ ಪೂರ್ತಿ ತೆಗೆದು ಹಾಗೇ ಬಿಟ್ಟರೆ ಬೆನ್ನು ಬಾಗಿಹೋಗುತ್ತದೆ. ಇಲ್ಲಿ ಕಶೇರುಗಳ ಎತ್ತರ ಬಹುಪಾಲು ಉಳಿದಿತ್ತು, ಎರಡೂ ಬದಿಯ ಕೀಲುಗಳನ್ನು ಕೆಡಿಸದೆ ಕೆಲಸ ಮುಗಿದಿತ್ತು. ಹಾಗಾಗಿ ಸ್ಕ್ರೂ ಇಲ್ಲದೆ ಬ್ರೇಸ್ (ಬೆನ್ನಿಗೆ ಹೊರಗಿನಿಂದ ಆಸರೆ ಕೊಡುವ ಪಟ್ಟಿ) ಹಾಕುವುದೆಂದಾಯಿತು. ಮರುದಿನ ಸಿಟಿ ನೆರವಿನಿಂದ ಸೋಯಾಸ್ ಬಾವಿಗೆ ನಳಿಕೆ ಇಡಲಾಯಿತು.

ರಾತ್ರಿ ತೆಗೆದ ಬ್ಲಡ್ ಕಲ್ಚರ್ ಒಂದು ದಿನದೊಳಗೇ ಬೆಳೆಯಿತು. ಐದು ತುಂಡುಗಳಲ್ಲಿ ನಾಲ್ಕರಲ್ಲೂ ಅದೇ: ಮೆಥಿಸಿಲಿನ್‌ಗೆ ಬಗ್ಗುವ ಸ್ಟ್ಯಾಫಿಲೊಕಾಕಸ್ ಆರಿಯಸ್. ಸಿಪ್ರೊಗೂ ಬಗ್ಗುತ್ತಿತ್ತು, ಮೊದಲ ಕಲ್ಚರುಗಳು ಬರಿದಾದದ್ದರಲ್ಲಿ ಅದರ ಕೈವಾಡ ಇದ್ದೇ ಇದೆ.

ಹೆಸರು ಸಿಕ್ಕ ಮೇಲೆ

ವ್ಯಾಂಕೊಮೈಸಿನ್, ಸೆಫೆಪಿಮ್ ಎರಡೂ ನಿಂತು ಸೆಫಜೋಲಿನ್ 2 ಗ್ರಾಂ ಎಂಟು ಗಂಟೆಗೊಮ್ಮೆ ಶುರುವಾಯಿತು. ವ್ಯಾಂಕೊಮೈಸಿನ್ ಹೆಚ್ಚು ಬಲಶಾಲಿ ಎಂಬ ಭಾವನೆಯಿಂದ ಅದನ್ನೇ ಮುಂದುವರಿಸುವವರಿದ್ದಾರೆ. ಈ ಬಗೆಯ ಸ್ಟ್ಯಾಫಿಲೊಕಾಕಸ್‌ಗೆ ಅದು ಸೆಫಜೋಲಿನ್‌ಗಿಂತ ಕೀಳು, ಮೂತ್ರಪಿಂಡಕ್ಕೂ ಭಾರ. ಎರಡು ದಿನಕ್ಕೊಮ್ಮೆ ಬ್ಲಡ್ ಕಲ್ಚರ್ ಮರುಕಳಿಸಿ, ಮೊದಲ ಮರುಪರೀಕ್ಷೆಯೇ ಬರಿದಾಗಿ ಬಂತು. ಅನ್ನನಾಳದ ಮೂಲಕ ಹೃದಯದ ಎಕೋ ಮಾಡಿದಾಗ ಕವಾಟಗಳು ಶುದ್ಧವಾಗಿದ್ದವು. ಕಾಲಿನ ಹುಣ್ಣಿನ ಕೆಳಗಿನ ಎಲುಬಿನ ಚಿತ್ರವನ್ನೂ ತೆಗೆಯಲಾಯಿತು, ಮೂಲವನ್ನು ಮರೆತರೆ ಮತ್ತೆ ಅಲ್ಲಿಂದಲೇ ಬರುತ್ತದೆ.

ಶಸ್ತ್ರಚಿಕಿತ್ಸೆಯ ಎರಡು ವಾರಕ್ಕೆ ಸಿಆರ್‌ಪಿ 21ಕ್ಕಿಳಿಯಿತು. ಮೂರನೇ ವಾರ 48. ನೋವು ಕಡಿಮೆಯೇ ಇತ್ತು, ಜ್ವರವಿಲ್ಲ. ಔಷಧ ಸೋತಿತೆಂದು ಬದಲಿಸುವ ಆತುರ ಇಲ್ಲಿ ಸಹಜ. ಎಂಆರ್‌ಐ ವರದಿ ಬೇರೆ ‘ಎಲುಬಿನ ನಾಶ ಹೆಚ್ಚಾಗಿದೆ’ ಎಂದಿತು. ಎಲುಬಿನ ಚಿತ್ರ ರೋಗಕ್ಕಿಂತ ವಾರಗಟ್ಟಲೆ ಹಿಂದೆ ಇರುತ್ತದೆ. ವಾಸಿಯಾಗುತ್ತಿರುವಾಗಲೂ ಅದು ಕೆಟ್ಟಂತೆಯೇ ಕಾಣುತ್ತದೆ, ಆ ಸಾಲನ್ನು ನೋಡಿ ತೀರ್ಮಾನಿಸಬಾರದು. ನೋಡಬೇಕಾದ್ದು ಮೃದು ಊತಕ. ಹೊರಪೊರೆಯ ಬಳಿ ಕೀವು ಇರಲಿಲ್ಲ. ಸೋಯಾಸ್ ಬಾವು ಮಾತ್ರ ಮತ್ತೆ 3.5 ಸೆಂ.ಮೀ. ತುಂಬಿಕೊಂಡಿತ್ತು.

ಕಾರಣ ಹಳೆಯ ಚಾರ್ಟಿನಲ್ಲಿತ್ತು. ನಳಿಕೆಯಿಂದ ದಿನಕ್ಕೆ 30 ಮಿ.ಲೀ. ಬರುತ್ತಿದ್ದುದು ಒಂದೇ ದಿನದಲ್ಲಿ 2ಕ್ಕಿಳಿದಿತ್ತು, ಒಣಗಿತೆಂದು ಮರುದಿನ ತೆಗೆದಿದ್ದರು. ಬಾವು ಒಣಗುವಾಗ 30, 22, 15 ಎಂದು ಇಳಿಯುತ್ತದೆ. ಹಠಾತ್ತನೆ ನಿಂತರೆ ನಳಿಕೆ ಕಟ್ಟಿಕೊಂಡಿದೆ ಅಥವಾ ಮಡಚಿದೆ ಎಂದೇ ಮೊದಲು ಅಂದುಕೊಳ್ಳಬೇಕು. 5–10 ಮಿ.ಲೀ. ಸಲೈನ್ ಹಾಯಿಸಿ ನೋಡಿ, ಅಲ್ಟ್ರಾಸೌಂಡಿನಲ್ಲಿ ಗೂಡು ಮುಚ್ಚಿದ್ದನ್ನು ಕಂಡ ಮೇಲೆ ತೆಗೆಯಬೇಕು. ಹೊಸ ನಳಿಕೆಯಿಂದ 25 ಮಿ.ಲೀ. ಕೀವು ಬಂತು, ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಔಷಧ ತನ್ನ ಕೆಲಸ ಮಾಡಿತ್ತು. ಅದನ್ನು ಬದಲಿಸಲಿಲ್ಲ. ಐದನೇ ವಾರ ಸಿಆರ್‌ಪಿ 9.

ಎಷ್ಟು ವಾರ? ಲ್ಯಾನ್ಸೆಟ್‌ನಲ್ಲಿ 2015ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗದಲ್ಲಿ ಆರು ವಾರ ಪಡೆದವರಲ್ಲೂ ಹನ್ನೆರಡು ವಾರ ಪಡೆದವರಲ್ಲೂ ಗುಣವಾದವರ ಪ್ರಮಾಣ ಒಂದೇ, ಸುಮಾರು 91 ಪ್ರತಿಶತ. ಆದರೆ ಕೀವು ಒಳಗೇ ಉಳಿದವರಿಗೆ ಆ ಆರು ವಾರವನ್ನು ಕಣ್ಣುಮುಚ್ಚಿ ಅನ್ವಯಿಸಲಾಗದು. ಇಲ್ಲಿ ಆರು ವಾರದ ಎಣಿಕೆಯನ್ನು ಎರಡನೇ ನಳಿಕೆಯ ದಿನದಿಂದ ಹಿಡಿದು, ಒಟ್ಟು ಒಂಬತ್ತು ವಾರವಾಯಿತು. ಕೊನೆಯ ಮೂರು ವಾರ ಬಾಯಿಯಿಂದ ಕ್ಲಿಂಡಮೈಸಿನ್ 450 ಮಿ.ಗ್ರಾಂ ದಿನಕ್ಕೆ ನಾಲ್ಕು ಸಲ. ಅದಕ್ಕೂ ಮೊದಲು ಲ್ಯಾಬಿನಲ್ಲಿ ಡಿ-ಟೆಸ್ಟ್ (ಕ್ಲಿಂಡಮೈಸಿನ್‌ಗೆ ಬಗ್ಗದ ಗುಣ ಅಡಗಿದೆಯೇ ಎಂಬ ಪರೀಕ್ಷೆ) ನೆಗೆಟಿವ್ ಎಂದು ಖಚಿತಪಡಿಸಿಕೊಳ್ಳಲಾಗಿತ್ತು, ಇಲ್ಲವಾದರೆ ವರದಿಯಲ್ಲಿ ಬಗ್ಗುವಂತೆ ಕಂಡ ಬ್ಯಾಕ್ಟೀರಿಯಾ ಚಿಕಿತ್ಸೆಯ ನಡುವೆ ತಿರುಗಿಬೀಳುತ್ತದೆ. ತೀವ್ರ ಬೇಧಿಯಾದರೆ ಕೂಡಲೇ ತಿಳಿಸಿ ಎಂದು ಬರೆದುಕೊಡಲಾಯಿತು.

ಫಲ

ಮೂತ್ರ ನಾಲ್ಕನೇ ದಿನಕ್ಕೆ ಸರಿಯಾಯಿತು, ಹೆಬ್ಬೆರಳ ಶಕ್ತಿಗೆ ಮೂರು ತಿಂಗಳು ಹಿಡಿಯಿತು. ನಿಂತು ತೆಗೆದ ಎಕ್ಸ್‌ರೇಯಲ್ಲಿ ಎಲ್3–ಎಲ್4 ನಡುವಿನ ಅಂತರ ಹೋಗಿ ಎಲುಬುಗಳು ಬೆಸೆಯತೊಡಗಿದ್ದವು, ಆರು ಡಿಗ್ರಿ ಬಾಗು ಅಷ್ಟಕ್ಕೇ ನಿಂತಿತು. ಕ್ಷಯದ ಕಲ್ಚರಿನ ಅಂತಿಮ ವರದಿ ಎಂಟನೇ ವಾರ ನೆಗೆಟಿವ್ ಎಂದು ಬಂತು. ಏಳನೇ ತಿಂಗಳಲ್ಲಿ ಮತ್ತೆ ಸೊಂಟನೋವು. ಈ ಸಲ ಕೂತರೆ ಹೆಚ್ಚು, ಮಲಗಿದರೆ ಕಡಿಮೆ. ತಟ್ಟಿದರೆ ನೋವಿಲ್ಲ, ಸಿಆರ್‌ಪಿ 3. ಎಂಆರ್‌ಐ ಮಾಡಲಿಲ್ಲ, ವ್ಯಾಯಾಮಕ್ಕೆ ತಗ್ಗಿತು. ಒಂದು ವರ್ಷದ ಭೇಟಿಯಲ್ಲೂ ಸೋಂಕು ಮರುಕಳಿಸಿರಲಿಲ್ಲ. ತಾಸಿಗಿಂತ ಹೆಚ್ಚು ಹೊತ್ತು ಒಂದೇ ಕಡೆ ಕೂರಲು ಈಗಲೂ ಆಗದು.

ಇದರಿಂದ ತಿಳಿಯುವುದು

ಕಾದದ್ದೇ ತಪ್ಪು ಎಂದು ಈ ಪ್ರಕರಣವನ್ನು ಓದುವವರಿರಬಹುದು. ಕಾದದ್ದು ತಪ್ಪಲ್ಲ, ಎರಡೆರಡು ಸಲ ಕಾಯಬೇಕಾಗಿ ಬಂದದ್ದು ತಪ್ಪು. ಮೊದಲ ಕಾಯುವಿಕೆಗೆ ಕಾರಣ ಮೂತ್ರದ ಎಂಟು–ಹತ್ತು ಕೀವುಕಣಕ್ಕೆ ಕೊಟ್ಟ ಸಿಪ್ರೊ, ಎರಡನೆಯದಕ್ಕೆ ಹತ್ತಿಕಡ್ಡಿ. ವಾರಗಟ್ಟಲೆ ಬೆನ್ನುನೋವಿರುವ, ಸಕ್ಕರೆ ಕಾಯಿಲೆಯಿರುವ, ಇತ್ತೀಚೆಗೆ ಚರ್ಮದ ಸೋಂಕು ಅಥವಾ ಡ್ರಿಪ್ ಆಗಿರುವ ವ್ಯಕ್ತಿಗೆ ಯಾವುದೇ ನೆಪಕ್ಕೆ ಆಂಟಿಬಯೋಟಿಕ್ ಬರೆಯುವ ಮೊದಲು ಬೆನ್ನು ತಟ್ಟಿ, ಸಿಆರ್‌ಪಿ ನೋಡಿ, ಎರಡು ಸೆಟ್ ಬ್ಲಡ್ ಕಲ್ಚರ್ ತೆಗೆದಿಟ್ಟಿದ್ದರೆ ಬಯಾಪ್ಸಿಯೇ ಬೇಕಾಗುತ್ತಿರಲಿಲ್ಲವೇನೋ. ರಕ್ತದಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆದು ಎಂಆರ್‌ಐ ಹೊಂದಿಕೆಯಾದರೆ ಸೂಜಿ ಹಾಕದೆಯೇ ಚಿಕಿತ್ಸೆ ಶುರುಮಾಡಬಹುದು.

ಆರಂಭದಲ್ಲೇ 4 ಮಿ.ಮೀ. ಊತಕ ಕಂಡಿದ್ದಾಗ ಕಾಯುವುದಕ್ಕೆ ವಾರ ಹೆಚ್ಚಾಯಿತೇ ಎಂಬ ಪ್ರಶ್ನೆ ತಂಡದಲ್ಲಿ ಇನ್ನೂ ಬಗೆಹರಿದಿಲ್ಲ. ಹೊರಪೊರೆಯ ಬಳಿ ಏನೇ ಕಂಡರೂ ಕಾಯುವ ಅವಧಿಯನ್ನು ಮೂರು ದಿನಕ್ಕೆ ಇಳಿಸಿ, ಆ ಮೂರು ದಿನದಲ್ಲೇ ದೊಡ್ಡ ಸೂಜಿಯ ಬಯಾಪ್ಸಿ ಮುಗಿಸುವುದು ಈಗ ಅಲ್ಲಿನ ಕ್ರಮ. ಎದೆಮಟ್ಟ ಅಥವಾ ಕುತ್ತಿಗೆಯಾದರೆ ಅಷ್ಟೂ ಇಲ್ಲ: ಬ್ಲಡ್ ಕಲ್ಚರ್, ಅದೇ ದಿನ ಬಯಾಪ್ಸಿ, ಬಯಾಪ್ಸಿ ಮುಗಿದ ಕೂಡಲೇ ಔಷಧ.